ಬೋಟಿನ ಮೀನು, ದೋಣಿಯ ಮೀನು: ಮಳೆಗಾಲದ 61 ದಿನ ಕರಾವಳಿಯ ಊರಲ್ಲಿ ಏನಾಗುತ್ತದೆ?

ಜೂನ್ ತಿಂಗಳ ಎರಡನೇ ವಾರ ಉಡುಪಿ ಕಡೆಯ ಯಾವುದಾದರೂ ಬೀದಿಯಲ್ಲಿ ಬುಟ್ಟಿ ಇಳಿಸಿ ಕೂತ ಮೀನಿನಾಕೆಯ ಹತ್ತಿರ ಬಂಗುಡೆಗೆ ಎಷ್ಟು ಎಂದು ಕೇಳಿ ನೋಡಿ. ಬೆಲೆ ಕೇಳಿ ನೀವು ಹುಬ್ಬೇರಿಸುವ ಮೊದಲೇ ಉತ್ತರ ಬರುತ್ತದೆ: "ಬೋಟಿಲ್ಲ ಅಲ್ವಾ ಅಕ್ಕ, ಇದು ದೋಣಿಯದ್ದು. ಬೇಡಾಂದ್ರೆ ಐಸಿನದ್ದು ಉಂಟು, ಕಡಿಮೆಗೆ ಕೊಡ್ತೇನೆ."

ಈ ಮಾತಿನಲ್ಲಿ ಮೂರು ಬಗೆಯ ಮೀನಿದೆ: ಇಲ್ಲದಿರುವ ಬೋಟಿನ ಮೀನು, ಸ್ವಲ್ಪವೇ ಇರುವ ದೋಣಿಯ ಮೀನು, ಎಲ್ಲಿಂದಲೋ ಬಂದ ಐಸಿನ ಮೀನು. ಕರಾವಳಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು, ಪ್ರತಿ ಜೂನ್‌ನಲ್ಲಿ ಪತ್ರಿಕೆಯ ಮೂಲೆಯಲ್ಲಿ 'ಮತ್ಸ್ಯಕ್ಷಾಮ', 'ಮೀನುಗಾರಿಕೆ ನಿಷೇಧ' ಎಂಬ ತಲೆಬರಹ ಕಂಡು ಪುಟ ತಿರುಗಿಸುವವರಿಗೆ ಮಾತ್ರ ಗೊಂದಲವಾಗುತ್ತದೆ. ನಿಷೇಧ ಅಂದಮೇಲೆ ಮೀನು ಬರುವುದು ಹೇಗೆ? ಕಡಲಿನಲ್ಲಿ ಮೀನಿದ್ದೂ ಹಿಡಿಯಬಾರದು ಏಕೆ? ಆ ಎರಡು ತಿಂಗಳು ಊರವರು ಏನು ಮಾಡುತ್ತಾರೆ?

ಬೋಟು ಬೇರೆ, ದೋಣಿ ಬೇರೆ

ಘಟ್ಟದ ಮೇಲಿನವರಿಗೆ ನೀರಿನ ಮೇಲೆ ತೇಲುವುದೆಲ್ಲ ದೋಣಿಯೇ. ಕಡಲತಡಿಯಲ್ಲಿ ಹಾಗಲ್ಲ. 'ಬೋಟು' ಅಂದರೆ ಒಳಗೆ ದೊಡ್ಡ ಡೀಸೆಲ್ ಎಂಜಿನ್ ಕೂರಿಸಿದ ಯಾಂತ್ರೀಕೃತ ಹಡಗು. ಅದು ನಿಲ್ಲುವುದು ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದಂಥ ಬಂದರುಗಳಲ್ಲಿ. ಮಂಗಳೂರಿನವರು ಬಂದರಿನ ಆ ಜಾಗಕ್ಕೆ 'ದಕ್ಕೆ' ಎನ್ನುತ್ತಾರೆ. ಬೋಟನ್ನು ನಡೆಸುವ ಮುಖ್ಯಸ್ಥ ತಾಂಡೇಲ, ಅವನ ಕೈಕೆಳಗೆ ದುಡಿಯುವವರು ಕಲಾಸಿಗಳು. 'ನಾಡದೋಣಿ' ಇದಕ್ಕಿಂತ ತೀರಾ ಚಿಕ್ಕದು. ಮೊದಲು ಮರದ್ದಿತ್ತು, ಈಗ ಹೆಚ್ಚಿನವು ಫೈಬರಿನವು. ಹಿಂಬದಿಗೆ ಸಿಕ್ಕಿಸಿದ ಪುಟ್ಟ ಮೋಟಾರಿನ ಬಲದಲ್ಲಿ ದಡದ ಆಸುಪಾಸಿನಲ್ಲೇ ಓಡಾಡುತ್ತದೆ.

ಬೋಟುಗಳಲ್ಲೂ ಎರಡು ಮುಖ್ಯ ಜಾತಿ. ಟ್ರಾಲ್ ಬೋಟು ದೊಡ್ಡ ಜೋಳಿಗೆಯಂಥ ಬಲೆಯನ್ನು ಕಡಲತಳಕ್ಕೆ ತಾಗಿಸಿ ಗಂಟೆಗಟ್ಟಲೆ ಎಳೆದುಕೊಂಡು ಹೋಗುತ್ತದೆ. ಬಲೆಯ ಬಾಯಿ ಮುಚ್ಚದಂತೆ ಎರಡು ಬದಿಯಲ್ಲಿ ಭಾರದ ಹಲಗೆಗಳಿರುತ್ತವೆ. ಅಂಗಳ ಗುಡಿಸಿದಾಗ ಕಸದ ಜೊತೆ ಬಿದ್ದ ಮಲ್ಲಿಗೆಯೂ ಬರುವಂತೆ ಸಿಗಡಿ, ನಂಗ್, ಬೊಂಡಾಸ, ಏಡಿ, ಹೆಸರಿಲ್ಲದ ಮರಿಮೀನು ಎಲ್ಲವೂ ಇದರಲ್ಲಿ ಬರುತ್ತವೆ. ಪರ್ಸೀನ್ ಬೋಟಿನ ಕೆಲಸ ಹಾಗಲ್ಲ. ನೀರಿನ ಮೇಲ್ಭಾಗದಲ್ಲಿ ಗುಂಪಾಗಿ ಓಡಾಡುವ ಬಂಗುಡೆ, ಬೂತಾಯಿಯ ಹಿಂಡನ್ನು ಗೋಡೆಯಂತೆ ಬಲೆ ಬಿಟ್ಟು ಸುತ್ತುವರಿದು, ಆಮೇಲೆ ಕೆಳಗಿನ ಹಗ್ಗ ಎಳೆಯುತ್ತಾರೆ. ಅಜ್ಜಿಯ ಎಲೆಯಡಿಕೆ ಸಂಚಿಯ ಲಾಡಿ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಇದೂ ಹಾಗೆಯೇ, ಇಲ್ಲಿ ಮುಚ್ಚುವುದು ತಳ. ಇಡೀ ಹಿಂಡು ಸಂಚಿಯೊಳಗೆ.

ದೋಣಿಯವರ ಬಲೆಗಳಿಗೆ ಹೆಸರು ಹತ್ತಾರು. ಪಟ್ಟಬಲೆ, ಕಂತಬಲೆಯಂಥವು ನೀರಿನಲ್ಲಿ ಕಟ್ಟಿದ ವಾಲಿಬಾಲ್ ನೆಟ್ಟಿನಂತೆ ನಿಂತಿರುತ್ತವೆ. ಮೀನಿನ ತಲೆ ಕಣ್ಣಿಯೊಳಗೆ ನುಗ್ಗುತ್ತದೆ, ಕಿವಿರು ಸಿಕ್ಕಿಬೀಳುತ್ತದೆ. ಕಣ್ಣಿಗಿಂತ ಚಿಕ್ಕ ಮೀನು ಪಾರು. ಕೈರಂಪಣಿಯನ್ನು ದಡದಲ್ಲೇ ನಿಂತು ಎರಡೂ ಕಡೆಯಿಂದ ಜನ ಹಗ್ಗ ಜಗ್ಗಿ ಎಳೆಯುತ್ತಾರೆ. ಮಳೆಗಾಲದಲ್ಲಿ ಹೆಚ್ಚು ಕೇಳಿಬರುವ ಹೆಸರು ಮಾಟುಬಲೆ. ಹಲವು ದೋಣಿಗಳು ಸೇರಿ ಹಿಂಡನ್ನು ಸುತ್ತುವ ಬಲೆ ಅದು, ಪರ್ಸೀನಿನ ಬಡ ತಮ್ಮ ಎನ್ನಬಹುದು.

ಮೀನಿನ ಹೆಸರಿನ ಬಗ್ಗೆಯೂ ಒಂದು ಮಾತು. ಮಂಗಳೂರಿನ ಬೂತಾಯಿ ಕಾರವಾರಕ್ಕೆ ಹೋಗುವಷ್ಟರಲ್ಲಿ ತಾರ್ಲೆಯಾಗುತ್ತದೆ. ದಕ್ಷಿಣದ ಅಂಜಲ್ ಉತ್ತರದಲ್ಲಿ ಇಸ್ವಾಣ. ತುಳುವರ ಎಟ್ಟಿ ಕೊಂಕಣಿಗರ ಸುಂಗಟ, ಕನ್ನಡದ ಸಿಗಡಿ. ಬಂಗುಡೆ ಮಾತ್ರ ಎಲ್ಲೆಡೆ ಬಂಗುಡೆಯೇ.

ನಿಲ್ಲುವುದು ಯಾವುದು, ನಿಲ್ಲದ್ದು ಯಾವುದು

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಸರ್ಕಾರ ಈ ಆದೇಶ ಹೊರಡಿಸುತ್ತದೆ. 10 ಅಶ್ವಶಕ್ತಿಯವರೆಗಿನ ಮೋಟಾರು ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಮೀನಿನಾಕೆ ಹೇಳಿದ 'ದೋಣಿಯದ್ದು' ಬಂದದ್ದು ಈ ವಿನಾಯಿತಿಯಿಂದ. ಒಂದು ಸ್ಕೂಟರಿನ ಎಂಜಿನ್ನಿಗೂ ಸುಮಾರು ಅಷ್ಟೇ ಶಕ್ತಿ ಇರುತ್ತದೆ ಎಂದರೆ ದೋಣಿ ಎಷ್ಟು ದೂರ ಹೋಗಬಲ್ಲದು ಎಂದು ಅಂದಾಜಾದೀತು.

ಆದೇಶ ಮೀರಿದರೆ ದಂಡದ ಜೊತೆಗೆ, ಮೀನುಗಾರಿಕೆಯ ಡೀಸೆಲ್ಲಿಗೆ ಸಿಗುವ ತೆರಿಗೆ ರಿಯಾಯಿತಿಯೂ ಒಂದು ವರ್ಷ ಕೈತಪ್ಪುತ್ತದೆ. ಬೋಟಿನವರು ಹೆದರುವುದು ಇದಕ್ಕೇ. ಆಳಸಮುದ್ರದ ಬೋಟು ಒಂದು ಸಲ ಹೊರಟರೆ ವಾರ, ಹತ್ತು ದಿನ ಕಡಲಲ್ಲಿರುತ್ತದೆ, ಸಾವಿರಾರು ಲೀಟರ್ ಡೀಸೆಲ್ ಕುಡಿಯುತ್ತದೆ. ರಿಯಾಯಿತಿ ಇಲ್ಲದೆ ಆ ಲೆಕ್ಕ ಕೂಡಿಬರುವುದಿಲ್ಲ.

ಕಡಲಿಗೂ ಎರಡು ಒಡೆತನ ಇದೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಮೀನುಗಾರಿಕೆಯ ನಿಯಮ ರಾಜ್ಯದ್ದು. ಅಲ್ಲಿಂದಾಚೆ 200 ನಾಟಿಕಲ್ ಮೈಲಿಯವರೆಗೆ ಕೇಂದ್ರದ್ದು. ಹಾಗಾಗಿ ಕೇಂದ್ರವೂ ಅದೇ 61 ದಿನ ತನ್ನ ಪಾಲಿನ ಪಶ್ಚಿಮ ಕಡಲನ್ನು ಮುಚ್ಚುತ್ತದೆ. ಗೋವಾ, ಮಹಾರಾಷ್ಟ್ರದಲ್ಲೂ ಇವೇ ದಿನಗಳು. ಕೇರಳದ ಟ್ರಾಲಿಂಗ್ ನಿಷೇಧ ಮಾತ್ರ ಜೂನ್ 9ರ ನಡುರಾತ್ರಿ ಶುರುವಾಗಿ 52 ದಿನ ಇರುತ್ತದೆ. ಬಂಗಾಳ ಕೊಲ್ಲಿಯ ಕಡೆ ಕ್ಯಾಲೆಂಡರೇ ಬೇರೆ: ಏಪ್ರಿಲ್ 15ರಿಂದ ಜೂನ್ 14. ಈ ಕೊನೆಯ ದಿನಾಂಕ ನೆನಪಿಟ್ಟುಕೊಳ್ಳಿ, ಐಸಿನ ಮೀನಿನ ಗುಟ್ಟು ಅಲ್ಲಿದೆ.

ಮಳೆಗಾಲದಲ್ಲೇ ಏಕೆ?

ಗಾಳಿಮಳೆಯಲ್ಲಿ ಕಡಲಿಗಿಳಿದರೆ ಜೀವಕ್ಕೆ ಅಪಾಯ ಎಂಬ ಕಾರಣ ಎಲ್ಲರಿಗೂ ತಿಳಿಯುವಂಥದ್ದು. ಇನ್ನೊಂದು ಕಾರಣ ನೀರಿನ ಒಳಗಿದೆ.

ಊಟಕ್ಕೆ ಕೂತಿದ್ದೀರಿ ಎಂದುಕೊಳ್ಳಿ. ಮುಂದೆ ಬಿಸಿ ಕುಚ್ಚಲಕ್ಕಿ ಗಂಜಿ. ಮೇಲೆ ತಿಳಿ, ಕೆಳಗೆ ಅನ್ನ. ಬಟ್ಟಲಿನ ಒಂದು ಅಂಚಿನಿಂದ ಬಾಯಲ್ಲಿ ಊದಿದರೆ ತಿಳಿ ಆಚೆಗೆ ಸರಿಯುತ್ತದೆ, ಈಚೆ ಬದಿಯಲ್ಲಿ ತಳದ್ದು ಮೇಲೆ ಬರುತ್ತದೆ. ಅರಬ್ಬೀ ಸಮುದ್ರದಲ್ಲಿ ಮುಂಗಾರಿನ ಗಾಳಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕರಾವಳಿಯ ಉದ್ದಕ್ಕೆ ದಕ್ಷಿಣದ ಕಡೆ ಬೀಸುವ ಗಾಳಿ ಮೇಲ್ನೀರನ್ನು ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಹಾಗೆ ತಳ್ಳಿದ ನೀರು ಗಾಳಿಯ ಬಲಕ್ಕೆ ವಾಲುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತವರ ಬಲಗೈ ಪಶ್ಚಿಮಕ್ಕೆ, ಅಂದರೆ ದಡದಿಂದ ದೂರಕ್ಕೆ. ಹೀಗೆ ಬೆಚ್ಚಗಿನ ಮೇಲ್ನೀರು ದಡ ಬಿಟ್ಟು ಸರಿದಾಗ ಖಾಲಿಯಾದ ಜಾಗಕ್ಕೆ ಆಳದ ತಣ್ಣನೆ ನೀರು ಏರಿಬರುತ್ತದೆ.

ಆ ತಣ್ಣೀರು ಬರಿಗೈಯಲ್ಲಿ ಬರುವುದಿಲ್ಲ. ವರ್ಷವಿಡೀ ಸತ್ತು ಕೊಳೆತು ತಳ ಸೇರಿದ ಜೀವಿಗಳ ಸಾರ ಅದರಲ್ಲಿರುತ್ತದೆ, ನಮ್ಮ ಗದ್ದೆಗೆ ಹಟ್ಟಿಗೊಬ್ಬರ ಇದ್ದಂತೆ. ಮೇಲೆ ಬಂದು ಬಿಸಿಲು ತಾಗಿದ್ದೇ ತಡ, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ನೀರಲ್ಲಿ ಮೊಳೆತು ಹಬ್ಬುತ್ತವೆ. ಇವೇ ಪ್ಲವಕಗಳು. ಬೂತಾಯಿಯ ಮುಖ್ಯ ಮೇವು ಇದು. ಹಸಿರು ಹೆಚ್ಚಾದಾಗ ಕಡಲ ಬಣ್ಣವೂ ಬದಲಾಗುತ್ತದೆ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸಂಸ್ಥೆ ಉಪಗ್ರಹದಿಂದ ಈ ಬಣ್ಣವನ್ನೂ ನೀರಿನ ಬಿಸಿಯನ್ನೂ ನೋಡಿ, ಮೀನು ಸಿಗಬಹುದಾದ ಜಾಗ ಯಾವುದು ಎಂದು ಮೀನುಗಾರರಿಗೆ ತಿಳಿಸುತ್ತದೆ.

ಹೆರಿಗೆಗೆ ತವರಿಗೆ ಹೋಗುವುದು ಉಣ್ಣಲು ತಿನ್ನಲು ಚೆನ್ನಾಗಿ ಸಿಗಲಿ ಎಂದಲ್ಲವೇ? ಬೂತಾಯಿಯೂ ಅದನ್ನೇ ಮಾಡುತ್ತದೆ. ಮರಿಗಳಿಗೆ ಮೇವು ಹೇರಳವಾಗಿರುವ ಕಾಲ ನೋಡಿ, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮೊಟ್ಟೆ ಇಡುತ್ತದೆ. ಒಂದು ತಾಯಿಮೀನು ಇಡುವ ಮೊಟ್ಟೆ ಹತ್ತಾರು ಸಾವಿರ. ಅವುಗಳಲ್ಲಿ ದೊಡ್ಡದಾಗುವುದು ಬೆರಳೆಣಿಕೆಯಷ್ಟು. ಬದುಕಿದ ಮರಿ ವರ್ಷದೊಳಗೆ ಹದಿನಾಲ್ಕು ಹದಿನೈದು ಸೆಂಟಿಮೀಟರ್ ಬೆಳೆದು ತಾನೂ ಮೊಟ್ಟೆ ಇಡಲು ಸಿದ್ಧವಾಗುತ್ತದೆ. ಆಯಸ್ಸು ಎರಡೂವರೆ ವರ್ಷದ ಆಸುಪಾಸು. ಇಷ್ಟು ಗಿಡ್ಡ ಬಾಳಿನ ಮೀನಿಗೆ ಒಂದು ಮಳೆಗಾಲ ಕೈಕೊಟ್ಟರೆ ಮರುವರ್ಷವೇ ಬಲೆಯಲ್ಲಿ ಅದು ಕಾಣುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಎಲ್ಲ ಮೀನೂ ಜೂನ್, ಜುಲೈನಲ್ಲೇ ಮೊಟ್ಟೆ ಇಡುತ್ತದೆ ಎಂದು ಅನೇಕರು ಬರೆಯುತ್ತಾರೆ. ಹಾಗೇನಿಲ್ಲ. ಬೇರೆ ತಿಂಗಳಲ್ಲಿ ಮರಿ ಮಾಡುವ ಜಾತಿಗಳೂ ಬಹಳ ಇವೆ, ವರ್ಷದಲ್ಲಿ ಹಲವು ಸಲ ಮರಿ ಮಾಡುವವೂ ಇವೆ. ಈ 61 ದಿನ ಕೆಲವು ಮುಖ್ಯ ಮೀನುಗಳಿಗೆ ಬಾಣಂತನದ ರಜೆ, ಉಳಿದವಕ್ಕೆ ಟ್ರಾಲ್ ಬಲೆಯಿಂದ ಬಿಡುವು. ಒಳನಾಡಿನ ಮಲೆನಾಡಿಗರು ಮೊದಲ ಮಳೆಗೆ ಹಳ್ಳ ಹತ್ತಿ ಬರುವ 'ಹತ್ತುಮೀನು' ಹಿಡಿಯುತ್ತಾರಲ್ಲ, ಅವೂ ಮೊಟ್ಟೆ ಇಡಲು ಹೊರಟವೇ. ಅಲ್ಲಿ ಮಾತ್ರ ಟಾರ್ಚು ಹಿಡಿದು ಕಾಯುವವರಿಗೆ ಅಂಥ ಬಿಡುವಿನ ನೆನಪಾಗುವುದಿಲ್ಲ.

ತೂಫಾನಿಗೆ ಕಾಯುವ ದೋಣಿಗಳು

ಬೋಟು ನಿಂತಿತು, ಕಡಲೆಲ್ಲ ತಮ್ಮದೇ ಎಂದು ಜೂನ್ 1ಕ್ಕೇ ನಾಡದೋಣಿಗಳು ನುಗ್ಗುತ್ತವೆಯೇ? ಇಲ್ಲ. ಅವರು 'ತೂಫಾನ್' ಆಗಲಿ ಎಂದು ಕಾಯುತ್ತಾರೆ.

ತೂಫಾನ್ ಅಂದರೆ ಬಿರುಗಾಳಿ. ಆದರೆ ಮೀನುಗಾರರ ಬಾಯಲ್ಲಿ ಅದಕ್ಕೆ ಒಂದು ವಿಶೇಷ ಅರ್ಥ ಇದೆ. ಮುಂಗಾರಿನ ಆರಂಭದಲ್ಲಿ ಕಡಲು ಒಮ್ಮೆ ಜೋರಾಗಿ ಎದ್ದು, ತಳದ ಕೆಸರೆಲ್ಲ ಕದಡಬೇಕು. ನದಿಗಳ ಕೆಂಪು ನೀರು ಅಳಿವೆಬಾಗಿಲಿನಿಂದ ಕಡಲಿಗೆ ನುಗ್ಗಬೇಕು. ಆಮೇಲೆ ಒಂದೆರಡು ದಿನ ಕಡಲು ತಣಿದರೆ ಸಿಗಡಿ, ಬೂತಾಯಿ, ಬಂಗುಡೆ ದಡದ ಸಮೀಪಕ್ಕೆ ಬರುತ್ತವೆ ಎಂಬುದು ತಲೆಮಾರುಗಳ ಅನುಭವ. ಆಳದಿಂದ ಏರಿಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ತಳದ ಜೀವಿಗಳು ಮೇಲಕ್ಕೆ, ದಡದತ್ತ ಸರಿಯುತ್ತವೆ ಎಂದು ವಿಜ್ಞಾನ ಹೇಳುವ ಮಾತು ಈ ಅನುಭವಕ್ಕೆ ಹತ್ತಿರವೇ ಇದೆ. ತೂಫಾನ್ ಸರಿಯಾಗಿ ಆಗದ ವರ್ಷ ದೋಣಿಗಳು ದಡದಲ್ಲೇ ಕೂರುತ್ತವೆ, ಜುಲೈ ನಡುಭಾಗ ಬಂದರೂ ಮಾಟುಬಲೆ ನೀರು ಕಾಣುವುದಿಲ್ಲ.

ನಾಡದೋಣಿಯವರ ಮಳೆಗಾಲದ ಸಂಪಾದನೆ ಎಂದರೆ ಹೀಗೆ ಸಿಕ್ಕುವ ಕೆಲವೇ ದಿನಗಳು. ಆ ದಿನಗಳಲ್ಲೂ ಅಳಿವೆ ದಾಟುವುದು ಸುಲಭವಲ್ಲ. ನದಿ ಹೊರಗೆ ತಳ್ಳುತ್ತದೆ, ಅಲೆ ಒಳಗೆ ತಳ್ಳುತ್ತದೆ, ನಡುವೆ ಮರಳದಿಬ್ಬ. ಮಳೆಗಾಲದಲ್ಲಿ ದೋಣಿ ಮಗುಚಿದ ಸುದ್ದಿ ಬಂದರೆ ಬಹಳ ಸಲ ಜಾಗ ಅಳಿವೆಯೇ ಆಗಿರುತ್ತದೆ. ಬೀದಿಯಲ್ಲಿ ಬಂಗುಡೆಯ ಬೆಲೆ ಕೇಳಿ ಚೌಕಾಸಿ ಮಾಡುವಾಗ ಇದೊಂದು ನೆನಪಿದ್ದರೆ ಒಳ್ಳೆಯದು.

ಆದೇಶ ಬರುವ ಮೊದಲೂ ರಜೆ ಇತ್ತು

ಅರುವತ್ತು ಎಪ್ಪತ್ತು ವರ್ಷದ ಹಿಂದೆ ನಿಷೇಧ ಬೇಕಿರಲಿಲ್ಲ. ಹುಟ್ಟು ಹಾಕುವ, ಹಾಯಿ ಕಟ್ಟುವ ದೋಣಿಯನ್ನು ಆಷಾಢದ ಕಡಲಿಗೆ ಇಳಿಸುವ ಧೈರ್ಯ ಯಾರಿಗಿತ್ತು? ಕಡಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಶ್ರಾವಣದ ನೂಲ ಹುಣ್ಣಿಮೆಯ ದಿನ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆ ಬಾಗಿಲು ತೆರೆದಂತೆ. ಈ ಪೂಜೆ ಇಂದಿಗೂ ನಡೆಯುತ್ತದೆ. ಮೊಗವೀರರ ಪಟ್ಣಗಳಲ್ಲಿ ಊರ ಗುರಿಕಾರರ ಮುಂದಾಳ್ತನದಲ್ಲಿ, ಉತ್ತರ ಕನ್ನಡದ ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗರ ಕೇರಿಗಳಲ್ಲಿ ಅವರವರ ರೀತಿಯಲ್ಲಿ.

ಆಗಿನ ದೊಡ್ಡ ಬಲೆ ರಂಪಣಿ. ಕಿಲೋಮೀಟರಿಗೂ ಮಿಕ್ಕಿದ ಉದ್ದ. ಒಂದು ಮನೆಯವರಿಂದ ಕೊಳ್ಳಲೂ ಆಗದು, ಎಳೆಯಲೂ ಆಗದು. ಹಾಗಾಗಿ ಹತ್ತಾರು ಮನೆಯವರು ಬಲೆಯ ತುಂಡುಗಳನ್ನು ಪಾಲಾಗಿ ಹಾಕಿ ಒಂದು ಬಲೆ ಕಟ್ಟುತ್ತಿದ್ದರು. ಬಂದ ಮೀನೂ ಪಾಲಿನ ಲೆಕ್ಕದಲ್ಲೇ ಹಂಚಿಕೆ. ಕರ್ನಾಟಕದ ಕಡಲತೀರಕ್ಕೆ 'ಬಂಗುಡೆಯ ತೀರ' ಎಂಬ ಹೆಸರು ಬಂದದ್ದು ರಂಪಣಿಯ ಕಾಲದಲ್ಲಿ. 1950ರ ದಶಕದ ಕೊನೆಯಿಂದ ಯಂತ್ರದ ಬೋಟುಗಳು ಬಂದವು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬಂತು. ರಂಪಣಿಯವರು ಬಂಗುಡೆ ತೀರಕ್ಕೆ ಬರಲಿ ಎಂದು ದಡದಲ್ಲಿ ಕಾಯುತ್ತಿದ್ದರೆ, ಪರ್ಸೀನ್ ಹಿಂಡು ಇದ್ದಲ್ಲಿಗೇ ಹೋಗಿ ಸುತ್ತಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಎಷ್ಟೋ ಕಡೆ ಬಲೆಯ ಪಾಲುದಾರರಾಗಿದ್ದವರು ಬೋಟಿನ ಕಲಾಸಿಗಳಾದರು.

ಯಂತ್ರ ಬಂದಮೇಲೆ ಮಳೆಗಾಲದಲ್ಲೂ ಕಡಲಿಗಿಳಿಯಬಹುದು ಎಂದಾಯಿತು. ಆಗ ಹುಟ್ಟಿದ್ದು ನಿಷೇಧದ ಪ್ರಶ್ನೆ. ಕೇರಳದಲ್ಲಿ ಸಾಂಪ್ರದಾಯಿಕ ಮೀನುಗಾರರ ದೀರ್ಘ ಹೋರಾಟದ ಬಳಿಕ 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಗೆ ಬಂತು.

ನಿಂತ ಬೋಟಿನ ಹಿಂದೆ ಯಾರ್ಯಾರು?

ಸಂಬಳದ ಕೆಲಸದಲ್ಲಿರುವವರಿಗೆ ಬೋಟಿನ ಲೆಕ್ಕ ವಿಚಿತ್ರ ಅನಿಸಬಹುದು. ಇಲ್ಲಿ ಹೆಚ್ಚಿನ ಕಡೆ ತಿಂಗಳ ಸಂಬಳ ಇಲ್ಲ, ಪಾಲು. ಲೆಕ್ಕ ಅರ್ಥವಾಗಲೆಂದು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಹತ್ತು ದಿನದ ಟ್ರಿಪ್ಪಿಗೆ ಹೋದ ಬೋಟಿನ ಮೀನು 6 ಲಕ್ಷ ರೂಪಾಯಿಗೆ ಏಲಂ ಆಯಿತು. ಡೀಸೆಲ್, ಐಸ್, ಅಕ್ಕಿ, ಕಮಿಷನ್ ಎಂದು 4 ಲಕ್ಷ ಮೊದಲೇ ಕಳೆಯಿತು. ಉಳಿದ 2 ಲಕ್ಷದಲ್ಲಿ ಮಾಲಕನಿಗೆ ಒಂದು ಭಾಗ, ಕೆಲಸದವರಿಗೆ ಒಂದು ಭಾಗ. ಕೆಲಸದವರ ಭಾಗ 80 ಸಾವಿರ ಎಂದಿಟ್ಟುಕೊಳ್ಳಿ. ಎಂಟು ಮಂದಿಗೆ ಅದು ಹಂಚಿಹೋಗಬೇಕು, ತಾಂಡೇಲನಿಗೆ ಉಳಿದವರಿಗಿಂತ ಹೆಚ್ಚು. ಪಾಲಿನ ಪ್ರಮಾಣ ಊರಿಂದೂರಿಗೆ, ಬೋಟಿನ ಬಗೆಯಿಂದ ಬಗೆಗೆ ಬದಲಾಗುತ್ತದೆ. ಬದಲಾಗದ್ದು ಒಂದೇ: ಮೀನು 4 ಲಕ್ಷದ್ದೇ ಸಿಕ್ಕಿದರೆ ಹತ್ತು ದಿನ ದುಡಿದ ಕಲಾಸಿಯ ಪಾಲು ಸೊನ್ನೆ.

ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವರು ಮೊದಲಿನಿಂದ ಇದ್ದಾರೆ. ಈಗ ಆಂಧ್ರ, ಒಡಿಶಾ, ತಮಿಳುನಾಡು, ಜಾರ್ಖಂಡ್‌ನಿಂದಲೂ ಬರುತ್ತಾರೆ. ನಿಷೇಧ ಶುರುವಾಗುವ ಹೊತ್ತಿಗೆ ಇವರೆಲ್ಲ ರೈಲು ಹತ್ತುತ್ತಾರೆ. ಹೋಗುವಾಗ ಮುಂದಿನ ಋತುವಿಗೆಂದು ಮಾಲಕರಿಂದ ಮುಂಗಡ ಪಡೆಯುವುದು ರೂಢಿ. ಎರಡು ತಿಂಗಳ ಮನೆಖರ್ಚು ಅದರಲ್ಲೇ ನಡೆಯಬೇಕು, ಆಗಸ್ಟ್‌ನಲ್ಲಿ ಬಂದು ಆ ಸಾಲ ತೀರುವವರೆಗೆ ಅದೇ ಬೋಟಿನಲ್ಲಿ ದುಡಿಯಬೇಕು. ಮಾಲಕರಿಗೂ ಇದು ಸುಖದ ಕಾಲವಲ್ಲ. ಬ್ಯಾಂಕಿನ ಕಂತಿಗೆ ನಿಷೇಧ ಇಲ್ಲ. ಬೋಟನ್ನು ದಡಕ್ಕೆ ಎಳೆಸಿ, ಅಡಿಗೆ ಹಿಡಿದ ಚಿಪ್ಪು ಕೆರೆಸಿ, ಬಣ್ಣ ಹೊಡೆಸಿ, ಎಂಜಿನ್ ಬಿಚ್ಚಿಸಿ, ಬಲೆ ಹೊಲಿಸಬೇಕು. ವರ್ಷದ ದೊಡ್ಡ ಖರ್ಚು ಬರುವುದು ಆದಾಯ ಇಲ್ಲದ ಈ ತಿಂಗಳಲ್ಲೇ.

ಮಹಿಳೆಯರ ಲೆಕ್ಕ ಇನ್ನೂ ಬೇರೆ. ಕಡಲಿನಲ್ಲಿ ಹಿಡಿಯುವುದು ಗಂಡಸರಾದರೂ ದಡಕ್ಕೆ ಬಂದ ಮೇಲೆ ಮೀನು ಬಹುಮಟ್ಟಿಗೆ ಹೆಂಗಸರ ಕೈಯದ್ದು. ಬೆಳಗಿನ ಜಾವ ಬಂದರಿನ ಏಲಂನಲ್ಲಿ ಕೂಗಿ ಕೊಳ್ಳುವುದು, ಬುಟ್ಟಿಗೆ ಐಸ್ ತುಂಬಿ ಬಸ್ಸು ಟೆಂಪೋ ಹತ್ತಿಸುವುದು, ಮಾರುಕಟ್ಟೆಯಲ್ಲಿ ಕೂರುವುದು ಇಲ್ಲವೇ ಮನೆಮನೆ ಸುತ್ತುವುದು, ಮಾರದೆ ಉಳಿದದ್ದನ್ನು ಉಪ್ಪು ಹಾಕಿ ಒಣಗಿಸುವುದು. ನಿಷೇಧದ ಆದೇಶದಲ್ಲಿ ಇವರ ಹೆಸರಿಲ್ಲ, ಏಕೆಂದರೆ ಇವರು ಕಡಲಿಗೆ ಹೋಗುವವರಲ್ಲ. ಆದರೆ ಮೊದಲ ಪೆಟ್ಟು ಬೀಳುವುದು ಇವರ ಬುಟ್ಟಿಗೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಾಡಿಟ್ಟ ಒಣಮೀನು ಆಗ ನೆರವಾಗುತ್ತದೆ. ಮಳೆ ಹಿಡಿಯುವ ಮುಂಚೆ ಕರಾವಳಿಯ ಮನೆಗಳಲ್ಲಿ ಒಣಮೀನು, ಒಣಸಿಗಡಿ ಡಬ್ಬಿಗೆ ತುಂಬಿಡುವುದು ಇಂದಿಗೂ ಉಳಿದಿರುವ ರೂಢಿ. ಗಂಜಿಗೆ ಒಣಸಿಗಡಿ ಚಟ್ನಿ ಇದ್ದರೆ ಆಷಾಢ ಕಳೆದದ್ದೇ ಗೊತ್ತಾಗದು.

ಹೊಳೆಯಂಚಿನ ಊರುಗಳಿಗೆ ಚಿಪ್ಪುಮೀನು ಇನ್ನೊಂದು ಆಸರೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಲ್ಲಿ ನಿಂತು ಬೆಳಚು ಹೆಕ್ಕುವುದನ್ನು ನೋಡಿರಬಹುದು. ದಕ್ಷಿಣದಲ್ಲಿ ಇದಕ್ಕೆ ಮರುವಾಯಿ ಎನ್ನುತ್ತಾರೆ. ಆದರೆ ಜೋರು ಮಳೆಗೆ ಹೊಳೆ ಸಿಹಿಯಾದಾಗ ಇದೂ ನಿಲ್ಲುತ್ತದೆ.

ಸರ್ಕಾರದ ನೆರವಿಗೆ 'ಉಳಿತಾಯ ಮತ್ತು ಪರಿಹಾರ' ಎಂಬ ಯೋಜನೆ ಇದೆ. ಅದರ ಮೂಲ ಲೆಕ್ಕ ಹೀಗೆ: ಮೀನುಗಾರ ಋತುವಿನಲ್ಲಿ 1,500 ರೂಪಾಯಿ ಕಟ್ಟಬೇಕು, ರಾಜ್ಯ 1,500, ಕೇಂದ್ರ 1,500 ಸೇರಿಸುತ್ತದೆ. ಒಟ್ಟು 4,500 ರೂಪಾಯಿ ಮೀನಿಲ್ಲದ ಮೂರು ತಿಂಗಳಿಗೆ. ತಿಂಗಳಿಗೆ ಎಷ್ಟಾಯಿತು ಎಂದು ನೀವೇ ಭಾಗಿಸಿಕೊಳ್ಳಿ, ಅದರಲ್ಲಿ ಮೂರನೇ ಒಂದು ಪಾಲು ಮೀನುಗಾರನದೇ ದುಡ್ಡು.

ಐಸಿನ ಮೀನು ಎಲ್ಲಿಂದ ಬರುತ್ತದೆ?

ಜೂನ್ 14ಕ್ಕೆ ಪೂರ್ವ ಕರಾವಳಿಯ ನಿಷೇಧ ಮುಗಿಯುತ್ತದೆ ಎಂದೆವಲ್ಲ. ಮರುದಿನದಿಂದ ತಮಿಳುನಾಡು, ಆಂಧ್ರದ ಬೋಟುಗಳು ಕಡಲಿಗಿಳಿಯುತ್ತವೆ. ಅಲ್ಲಿಯ ಮೀನು ಐಸ್ ಹಾಕಿದ ಲಾರಿಗಳಲ್ಲಿ ನಮ್ಮ ಕಡೆ ಬರುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟದ್ದೂ ಹೊರಬರುತ್ತದೆ. ಹಾಗಾಗಿ ಬೆಲೆ ತೀರಾ ಏರುವುದು ಜೂನ್‌ನ ಮೊದಲ ಹದಿನೈದು ದಿನ, ಎರಡೂ ಕಡಲು ಮುಚ್ಚಿರುವಾಗ. ಆಮೇಲೆ ಸ್ವಲ್ಪ ಸಡಿಲವಾಗುತ್ತದೆ.

ಐಸಿನ ಮೀನೆಲ್ಲ ಹಾಳಾದದ್ದಲ್ಲ. ಕಿವಿರು ಎತ್ತಿ ನೋಡಿ: ಕೆಂಪಗಿದ್ದರೆ ಸರಿ, ಕಂದಿದ್ದರೆ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿ ಬಿದ್ದಿರಬಾರದು. ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಇಷ್ಟನ್ನು ಮೀನಿನಾಕೆಯ ಎದುರೇ ಮಾಡಬಹುದು, ಬೈಸಿಕೊಳ್ಳಲು ತಯಾರಿದ್ದರೆ.

ನಿಷೇಧದಿಂದ ಮೀನು ಹೆಚ್ಚಿತೇ?

ಇದಕ್ಕೆ ಹೌದು, ಇಲ್ಲ ಎಂದು ಒಂದೇ ಪದದಲ್ಲಿ ಹೇಳಿದವರನ್ನು ನಂಬಬೇಡಿ. ಪಕ್ಕದ ಕೇರಳದ ಬೂತಾಯಿಯ ಕತೆ ನೋಡಿ. ಅಲ್ಲಿ ಅದಕ್ಕೆ ಮತ್ತಿ ಎನ್ನುತ್ತಾರೆ. 2012ರಲ್ಲಿ ಸುಮಾರು 4 ಲಕ್ಷ ಟನ್ ಮತ್ತಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು ಸುಮಾರು 3,300 ಟನ್. ನೂರು ಬುಟ್ಟಿ ಇದ್ದಲ್ಲಿ ಒಂದು ಬುಟ್ಟಿಯೂ ಇಲ್ಲ. ಈ ಎಲ್ಲ ವರ್ಷಗಳಲ್ಲೂ ಮಳೆಗಾಲದ ನಿಷೇಧ ಜಾರಿಯಲ್ಲೇ ಇತ್ತು.

ಹಾಗಾದರೆ ನಿಷೇಧ ದಂಡವೇ? ಹಾಗೂ ಅಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕುಸಿತಕ್ಕೆ ಕಡಲಿನ ಬಿಸಿ, ಎಲ್ ನಿನೋದಂಥ ಹವಾಮಾನದ ಏರುಪೇರು, ಮರಿಮೀನಿನ ಬೇಟೆ ಎಂದು ಹಲವು ಕಾರಣ ಕೊಟ್ಟಿದ್ದಾರೆ. ಎರಡು ತಿಂಗಳು ಬಿಟ್ಟ ಮರಿಯನ್ನು ಉಳಿದ ಹತ್ತು ತಿಂಗಳಲ್ಲಿ ಸಣ್ಣ ಕಣ್ಣಿನ ಬಲೆಯಿಂದ ಬಾಚಿದರೆ ಬಿಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ಅಡುಗೆಗೆ ಬಾರದ ಮರಿಮೀನಿಗೂ ಈಗ ಗಿರಾಕಿ ಇದ್ದಾರೆ: ಫಿಶ್‌ಮೀಲ್ ಕಾರ್ಖಾನೆಗಳು. ಅಲ್ಲಿ ಮೀನನ್ನು ಬೇಯಿಸಿ ಪುಡಿ ಮಾಡುತ್ತಾರೆ, ಅದು ಕೋಳಿಗೆ, ಸಾಕುಸಿಗಡಿಗೆ ಆಹಾರ. ಒಂದು ಕಿಲೋ ಪುಡಿಗೆ ಸುಮಾರು ನಾಲ್ಕೈದು ಕಿಲೋ ಹಸಿಮೀನು ಬೇಕು.

ರಾತ್ರಿ ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವ ಬೆಳಕು ಮೀನುಗಾರಿಕೆ, ಎರಡು ಬೋಟು ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಇವೆರಡನ್ನೂ ಕೇಂದ್ರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಇದು 61 ದಿನಕ್ಕಲ್ಲ, ವರ್ಷವಿಡೀ. ನಾಡದೋಣಿಯವರ ಪ್ರತಿಭಟನೆಗಳ ಸುದ್ದಿ ಓದುವಾಗ ಇದನ್ನು ಮಳೆಗಾಲದ ನಿಷೇಧದ ಜೊತೆ ಬೆರೆಸಬಾರದು. ಅವರ ತಕರಾರು ಬಹಳ ಸಲ ಉಳಿದ ಹತ್ತು ತಿಂಗಳ ಬಗ್ಗೆ ಇರುತ್ತದೆ.

ಆಗಸ್ಟ್ 1ಕ್ಕೇ ಬೆಲೆ ಇಳಿಯುವುದಿಲ್ಲ

ನಿಷೇಧ ಮುಗಿದ ಮರುದಿನವೇ ಅಗ್ಗದ ಮೀನು ಹುಡುಕಿಕೊಂಡು ಹೋದವರು ಬೇಸರಿಸಿ ಬರುತ್ತಾರೆ. ಊರಿಗೆ ಹೋದ ಕಲಾಸಿಗಳು ಮರಳಬೇಕು, ಐಸ್ ಪ್ಲಾಂಟುಗಳು ಚಾಲೂ ಆಗಬೇಕು, ಕಡಲೂ ಒಪ್ಪಬೇಕು. ಸಮುದ್ರಪೂಜೆ ಆಗದೆ ಬೋಟು ಇಳಿಸದವರೂ ಇದ್ದಾರೆ. ಮೊದಲಿಗೆ ಬರುವುದು ಹತ್ತಿರದಲ್ಲೇ ಬಲೆ ಎಳೆದು ಸಂಜೆಗೆ ಮರಳುವ ಸಣ್ಣ ಬೋಟುಗಳ ಸಿಗಡಿ. ಆಳಸಮುದ್ರಕ್ಕೆ ಹೋದ ಬೋಟು ತಿರುಗಿ ಬರಲು ವಾರ, ಹತ್ತು ದಿನ. ಹಾಗಾಗಿ ಬಂದರು ತುಂಬುವುದು ಆಗಸ್ಟ್‌ನ ಎರಡನೇ ಅರ್ಧದಲ್ಲಿ. ಅಷ್ಟರಲ್ಲಿ ಶ್ರಾವಣ ಬಂದಿರುತ್ತದೆ, ಘಟ್ಟದ ಮೇಲೂ ಕೆಳಗೂ ಬಹಳ ಮನೆಗಳಲ್ಲಿ ಮೀನು ನಿಂತಿರುತ್ತದೆ, ಹಿಂದೆಯೇ ಚೌತಿ. ಮೀನು ಹೆಚ್ಚು, ತಿನ್ನುವವರು ಕಡಿಮೆ.

ಗಿರಾಕಿಗೆ ಅದು ಸುಗ್ಗಿ. ದೋಣಿಯವರಿಗೆ ಮಾತ್ರ ಲೆಕ್ಕ ತಿರುಗುಮುರುಗು. ಜುಲೈನಲ್ಲಿ ಅಳಿವೆ ದಾಟಿ ತಂದ ಅರ್ಧ ಬುಟ್ಟಿ ಬಂಗುಡೆಗೆ ಸಿಕ್ಕಿದ ದುಡ್ಡು, ಸೆಪ್ಟೆಂಬರ್‌ನ ಶಾಂತ ಕಡಲಲ್ಲಿ ಹಿಡಿದ ಎರಡು ಬುಟ್ಟಿಗೆ ಸಿಗದಿರಬಹುದು. ಪಕ್ಕದಲ್ಲೇ ಪರ್ಸೀನ್ ಬೋಟಿನ ಬಂಗುಡೆ ರಾಶಿ ಬಿದ್ದಿರುತ್ತದೆ, ಏಲಂ ಕೂಗುವವನು ಎರಡಕ್ಕೂ ಒಂದೇ ಬೆಲೆ ಕೂಗುತ್ತಾನೆ.